ಕೈಗೆ ಎಟುಕುವ ನೀರು

ಅಕ್ಟೋಬರ್ 9, ಬುಧವಾರ

ಕೆಳಗಿನ ಎರಡು ಟ್ಯಾಂಕಿನ ಮೀನಿಗೆ ಆಹಾರ ಹಾಕಿದೆ. ನಡುವಿನ ಎರಡಕ್ಕೂ ಹೇಗೋ... ಅರ್ಧ ಮಡಿಲಿಗೇ ಉದುರಿತು. ಮೇಲಿನ ಎರಡಕ್ಕೆ ವಾರಿಕ್ ಹಾಕಿದ. ಏಣಿ ಹತ್ತಿ. ಜೂನ್‌ನಲ್ಲಿ ನಾನು ಬಿದ್ದ ಅದೇ ಏಣಿ. ಮನೆಯಲ್ಲಿರುವುದು ಅದೊಂದೇ. ಏಣಿಗೆ ಗೀರೂ ಬಿದ್ದಿಲ್ಲ. ಬೆನ್ನು ಮುರಿದದ್ದು ನನ್ನದು.

ಬ್ರಿಸ್ಬೇನ್ ಆಸ್ಪತ್ರೆಯಿಂದ ಟೌನ್ಸ್‌ವಿಲ್‌ಗೆ ಮರಳಿದ್ದು ಶನಿವಾರ. ನಾನಿಲ್ಲದಾಗ ಒಂದು ಮೀನೂ ಸತ್ತಿಲ್ಲ. ಪಾಚಿ ವಾಸನೆ ಎಂದು ಮೂಗು ಮುಚ್ಚುತ್ತಿದ್ದ ಗಂಡ, ಈ ವಾರಿಕ್, ನೋಡಿಕೊಂಡದ್ದು! ಇನ್ನೂ ಥ್ಯಾಂಕ್ಸ್ ಹೇಳಿಲ್ಲ. ಹೇಳಿದರೆ ಇಬ್ಬರೂ ಅಳುತ್ತೇವೆ.

ಮಧ್ಯಾಹ್ನ ಜೊಸೆಲಿನ್ ಬಂದಿದ್ದಳು, ಇಲ್ಲಿನ ಆಸ್ಪತ್ರೆಯ ಥೆರಪಿಸ್ಟ್. ನನ್ನ ವೀಲ್‌ಚೇರ್ ತೂರುತ್ತದೋ ಎಂದು ಬಾಗಿಲು ಅಳೆದಳು. ಟ್ಯಾಂಕ್ ನೋಡಿ ನಿಂತಳು.

"ರೇ, ಒಂದು ಚಿಕ್ಕದು ಇಟ್ಕೊಳ್ಳಿ. ಮೇಜಿನ ಮೇಲೆ. ಮನಸ್ಸಿಗೂ ಹಿತ."

"ಉಳಿದ ಐದರ ಮೀನು ಹುರ್ಕೊಂಡು ತಿನ್ಲಾ?"

ಅವಳು ನಕ್ಕಳು. ನಾನು ನಗಲಿಲ್ಲ.

ಅಕ್ಟೋಬರ್ 13, ಭಾನುವಾರ

ಹಿತ್ತಲಲ್ಲಿ ಸಾಸೇಜ್ ಸುಡುತ್ತಾ, ನನ್ನ ಕಡೆ ಬೆನ್ನು ಹಾಕಿಯೇ ವಾರಿಕ್ ಹೇಳಿದ.

"ಇಯಾನ್‌ಗೆ ಹೇಳಿದೀನಿ. ಶನಿವಾರ ಟ್ರೇಲರ್ ತರ್ತಾನೆ."

"ಏನಕ್ಕೆ?"

"ಮೀನಿಗೆ."

"ಯಾರ ಮೀನು?"

"ನೋಡು, ಅವು ನಿನ್ನ ಬೆನ್ನು ಮುರಿದವು ಕಣೇ."

"ಮೀನು ಮುರೀಲಿಲ್ಲ. ಎತ್ತರ ಮುರೀತು."

"ಹಾಗಾದ್ರೆ ನಾನೇ ನೋಡ್ಕೋತೀನಿ. ನೀನು ಆರಾಮಾಗಿ ಕೂತು ನೋಡ್ತಿರು. ಜನ ಟಿವಿ ನೋಡಲ್ವಾ?"

ಟಿವಿಯಂತೆ. ತಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದೆ. ಹೊಸ್ತಿಲಲ್ಲಿ ಚಕ್ರ ಸಿಕ್ಕಿಕೊಂಡಿತು. ಸಿಟ್ಟಿನಿಂದ ದಡದಡ ಹೋಗುವುದಕ್ಕೂ ಈಗ ಆಗುವುದಿಲ್ಲ. ಅವನು ಹಿಂದೆಯೇ ಬಂದ. "ಮುಟ್ಟಬೇಡ" ಎಂದೆ. ಮೂರನೇ ಸಲಕ್ಕೆ ದಾಟಿತು.

ಇಯಾನ್ ಕೆಟ್ಟವನಲ್ಲ. ನಮ್ಮ ಮೀನು ಕ್ಲಬ್‌ನವನೇ. ಆದರೆ ಎಲ್ಲವನ್ನೂ ಒಂದೇ ಟ್ಯಾಂಕಿಗೆ ಸುರಿಯುತ್ತಾನೆ. ಮೇಲಿನ ಎರಡರಲ್ಲಿರುವುದು ಸ್ಯಾಡ್ಲರ್ಸ್ ಹಳ್ಳದ ಕಾಮನಬಿಲ್ಲು ಮೀನು. ಆ ಹಳ್ಳದಲ್ಲಿ ಈಗ ಬರೀ ತಿಲಾಪಿಯಾ, ಹೊರಗಿನಿಂದ ಬಂದ ಮೀನು. ಇವು ಬೇರೆ ಯಾರ ಬಳಿಯೂ ಇದ್ದಂತಿಲ್ಲ. ಬೇರೆಯವುಗಳ ಜೊತೆ ಬಿಟ್ಟರೆ ಎರಡೇ ಪೀಳಿಗೆ — ತಳಿ ಮುಗಿಯಿತು. ಕೊಡುವುದಿಲ್ಲ.

ಅಕ್ಟೋಬರ್ 17, ಗುರುವಾರ



ವಾರಿಕ್ ಮೇಲಿನ ಟ್ಯಾಂಕಿನ ನೀರು ಬದಲಿಸುತ್ತಿದ್ದ. ಏಣಿಯ ತುದಿಯಲ್ಲಿ, ಬರಿಗಾಲಲ್ಲಿ. ಪಕ್ಕಕ್ಕೆ ಬಾಗಿದ. ಒಂದು ಹಿಮ್ಮಡಿ ಮೆಟ್ಟಿಲಿನಿಂದ ಆಚೆ ಬಂತು. ಕೂಗಿಬಿಟ್ಟೆ. ಬೀಳಲಿಲ್ಲ. ಆದರೆ ಪೈಪು ಜಿಗಿದು, ನೀರು ಗೋಡೆಗುಂಟ ಇಳಿದು ನೆಲದ ಪ್ಲಗ್ ಬೋರ್ಡಿನ ಮೇಲೆ. ಚಟ್ ಎಂದಿತು. ತಾನಾಗಿ ಕರೆಂಟ್ ಕಡಿಯಬೇಕಿದ್ದ ಸೇಫ್ಟಿ ಸ್ವಿಚ್ ಕಡಿಯಲಿಲ್ಲ. ಅವನು ಕೆಳಗಿಳಿದು, ಆ ನೀರಲ್ಲೇ ನಿಂತು ಪ್ಲಗ್ ಕೀಳಲು ಬಾಗಿದ.

"ವಾರಿಕ್, ಮುಟ್ಟಬೇಡ. ಏಣಿ ಹತ್ತು. ಅಲ್ಲೇ ಕೂರು."

ಏಣಿ ಮರದ್ದು, ಪುಣ್ಯ. ಹತ್ತಿದ. ಮೀಟರ್ ಪೆಟ್ಟಿಗೆ ಕಾರ್ ನಿಲ್ಲಿಸುವ ಕಡೆಯ ಗೋಡೆಯಲ್ಲಿ, ನನ್ನ ತಲೆಗಿಂತ ಎಷ್ಟೋ ಮೇಲೆ. ಮೀನು ಬಲೆಯ ಉದ್ದ ಹಿಡಿ ಮಡಿಲಲ್ಲಿಟ್ಟುಕೊಂಡು ಹೊರಟೆ. ಮೊದಲ ಏಟು ತಪ್ಪಿತು. ಎರಡನೆಯದಕ್ಕೆ ಮೇನ್ ಸ್ವಿಚ್ ಬಿತ್ತು. ಫ್ಯಾನು, ಪಂಪು ಎಲ್ಲ ನಿಂತವು. ಒಳಗಿಂದ ಅವನ ದನಿ — "ಇಳೀಲಾ?" ಚಿಕ್ಕ ಹುಡುಗನ ಹಾಗೆ.

ಆಮೇಲೆ ಬಂದು ನನ್ನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತ.

"ನೀನು ಬಿದ್ದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ, ರೇ. ದಿನಾ ಅದೇ ಕಾಣುತ್ತೆ. ಈಗ ಗೊತ್ತಾಯ್ತಾ?"

"ಗೊತ್ತಾಯ್ತು."

"ಹಾಗಾದ್ರೆ ಇಯಾನ್‌ಗೆ..."

"ಏಣಿ ಕೊಡು ಅವನಿಗೆ."

ಅಕ್ಟೋಬರ್ 19, ಶನಿವಾರ

ಇಯಾನ್ ಬಂದ. ಮೀನು ಕೊಡುವುದಿಲ್ಲ ಎಂದೆ.

"ಮತ್ತೆ ಖಾಲಿ ಟ್ರೇಲರ್ ಎಳ್ಕೊಂಡು ಹೋಗ್ಲಾ?"

"ಖಾಲಿ ಯಾಕೆ? ಏಣಿ ಹಾಕ್ಕೋ. ಊಟದ ಮೇಜನ್ನೂ ನಿನ್ ಶೆಡ್‌ನಲ್ಲಿಟ್ಕೋ. ನನಗೆ ಈ ಗೋಡೆ ಪೂರ್ತಿ ಬೇಕು."

ವಾರಿಕ್ ಮುಖ ಕೆಂಪಗಾಯಿತು. "ಅದು ನಮ್ಮಮ್ಮನ ಮೇಜು."

ನಾನು ತಗ್ಗಲಿಲ್ಲ. ಅವನು ಮೇಜನ್ನು ಒಮ್ಮೆ ಸವರಿದ.

"ಅವಳಿದ್ದಿದ್ರೂ ನಿನ್ ಪರಾನೇ ವಹಿಸ್ತಿದ್ಲು. ಅದೇ ನನ್ನ ಹಣೆಬರಹ. ಇಯಾನ್, ಆ ಕಡೆ ಹಿಡ್ಕೋ."

ನವೆಂಬರ್ 3, ಭಾನುವಾರ

ಎರಡು ವಾರದಿಂದ ಬರೆದಿಲ್ಲ. ಪುರುಸೊತ್ತಿಲ್ಲ.

ಆರೂ ಟ್ಯಾಂಕ್ ಈಗ ಒಂದೇ ಸಾಲು. ಒಂದರ ಮೇಲೊಂದು ಇಲ್ಲವೇ ಇಲ್ಲ. ವಾರಿಕ್ ಖಾಲಿ ರಟ್ಟಿನ ಡಬ್ಬ ಹಿಡಿದು ಮೇಲೆ ಕೆಳಗೆ ಮಾಡಿದ; ನಾನು ಕುರ್ಚಿಯಿಂದಲೇ ಒಳಗೆ ಕೈ ಇಳಿಸಿ, ಬೆರಳು ತಳ ಮುಟ್ಟಿದ ಕಡೆ ಗೋಡೆಗೆ ಪೆನ್ಸಿಲ್ ಗೀಟು. ಸಕ್ಕರೆ ಮಿಲ್‌ನ ವೆಲ್ಡರ್ ಗಂಡ ಅಂದರೆ ಸುಮ್ಮನೆಯಾ — ಕಬ್ಬಿಣದ ಸ್ಟ್ಯಾಂಡ್ ತಾನೇ ಮಾಡಿದ, ಮೊಣಕಾಲು ಕೆಳಗೆ ಹೋಗುವ ಹಾಗೆ. ನೆಲ ಕಾಂಕ್ರೀಟು, ಭಾರದ ಚಿಂತೆಯಿಲ್ಲ. ಆಳದ ಎರಡು ಟ್ಯಾಂಕ್ ಹೋದವು, ತಳ ಸಿಗುವುದಿಲ್ಲ. ಬದಲಿಗೆ ತಗ್ಗಿನವು, ಉದ್ದನೆಯವು.

ಎಲೆಕ್ಟ್ರಿಷಿಯನ್ ಹೊಸ ಸೇಫ್ಟಿ ಸ್ವಿಚ್ ಹಾಕಿದ. ಪ್ಲಗ್‌ಗಳೆಲ್ಲ ಈಗ ಪಕ್ಕದ ಗೋಡೆಯಲ್ಲಿ, ನೀರಿನ ಮೇಲೆ ಕೈ ಚಾಚದೆ ಸಿಗುವಲ್ಲಿ. ವೈರುಗಳನ್ನು ಜೋತು ಬಿಟ್ಟಿದ್ದೇವೆ — ಹನಿ ಇಳಿದರೆ ಅಲ್ಲಿಂದಲೇ ನೆಲಕ್ಕೆ, ಪ್ಲಗ್‌ಗೆ ಅಲ್ಲ. ಪೈಪಿನ ತುದಿಯಲ್ಲೇ ನಲ್ಲಿ. ಹಳೆ ನೀರು ಕಿಟಕಿಯಿಂದ ಮಾವಿನ ಮರಕ್ಕೆ.

ಈಗ ಊಟ ಸೋಫಾದಲ್ಲಿ, ತಟ್ಟೆ ತೊಡೆಯ ಮೇಲೆ. ಅವನ ಅಂಗಿ ತುಂಬ ಟೊಮ್ಯಾಟೊ ಸಾಸ್.

ನವೆಂಬರ್ 9, ಶನಿವಾರ

ಜೊಸೆಲಿನ್ ಮತ್ತೆ ಬಂದಳು.

"ನಾನು ಒಂದು ಅಂದಿದ್ದೆ."

"ಎಣಿಸ್ಬೇಡಿ."

ಅವಳು ಸುಲಭಕ್ಕೆ ಬಿಡುವವಳಲ್ಲ. ಕೊನೆಯ ಟ್ಯಾಂಕಿನ ಹಿಂದಿನ ಮೂಲೆ ಮುಟ್ಟಿ ತೋರಿಸಿ ಎಂದಳು. ಚಾಚಿದೆ. ಕುರ್ಚಿ ಓಲಿತು. ಒಂದು ಗೇಣು ಕಮ್ಮಿ. ವಾರಿಕ್ ಅರ್ಧ ಎದ್ದಿದ್ದ.

ಹಿಂದೆ ಸರಿದು ಬ್ರೇಕ್ ಹಾಕಿದೆ. "ಆ ಮೂಲೆ ಪಾಚಿಗೆ ಬಿಟ್ಟಿದೀನಿ," ಎಂದೆ.

"ಬಾಗದೆ ಬಿಟ್ರಲ್ಲ, ಅದನ್ನೇ ನೋಡ್ಬೇಕಿತ್ತು ನನಗೆ," ಎಂದಳು.

ನವೆಂಬರ್ 17, ಭಾನುವಾರ. ಬೆಳಿಗ್ಗೆ

ಒಬ್ಬಳೇ. ವಾರಿಕ್‌ನನ್ನು ಗಾಳ ಹಾಕಲು ಸಮುದ್ರಕ್ಕೆ ಓಡಿಸಿದ್ದೇನೆ. ಹೋಗುವಾಗ ಬಾಗಿಲಲ್ಲಿ ನಿಂತ. "ಫೋನ್ ಜೇಬಲ್ಲಿದೆಯಾ?" ಇದೆ. "ಬ್ರೇಕ್?" ಹಾಕಿದೆ. "ನಾನು ಬೇಕಾದ್ರೆ—" ಹೋಗೋ ಮಾರಾಯ.

ನೀರು ಬದಲಿಸಿದೆ, ಒಂದೊಂದಾಗಿ ಆರೂ. ಮೊಣಕೈವರೆಗೆ ನೀರು, ತಣ್ಣಗೆ. ಹಳ್ಳದ ಗಂಡು ಮೀನೊಂದು ಬಂದು ಬೆರಳ ಸಂದಿಯಲ್ಲಿ ಮೂತಿಯಿಟ್ಟು ತಿವಿಯಿತು. ಜೂನ್‌ನಿಂದ ಎಲ್ಲರೂ ನನ್ನನ್ನು ಒಡೆಯುವ ಸಾಮಾನಿನ ಹಾಗೆ ಮುಟ್ಟಿದ್ದಾರೆ. ಇದಕ್ಕೆ ಅದ್ಯಾವುದೂ ಗೊತ್ತಿಲ್ಲ.

ಕಾಫಿ ಕುಡಿಯುತ್ತಾ ಇಲ್ಲೇ ಬರೆಯುತ್ತಿದ್ದೇನೆ. ಟ್ಯಾಂಕಿನಲ್ಲಿ ಇಳಿಬಿಟ್ಟ ಉಣ್ಣೆದಾರದ ಕುಚ್ಚಿನಲ್ಲಿ ಏನೋ ಹೊಳೆಯುತ್ತಿದೆ... ಕನ್ನಡಕ ಎಲ್ಲಿ. ಗುಳ್ಳೆಯಲ್ಲ. ಮೊಟ್ಟೆ! ಹಳ್ಳದ ಮೀನಿನ ಮೊಟ್ಟೆ, ಅದಕ್ಕೆಂದೇ ಕಟ್ಟಿದ ಕುಚ್ಚಿನ ತುಂಬ. ಈಗಲೇ ಬೇರೆ ನೀರಿಗೆ ಹಾಕದಿದ್ದರೆ ಮೀನುಗಳೇ ತಿಂದುಬಿಡುತ್ತವೆ, ಆಗಲೇ ಒಂದು ಸುತ್ತು ಹಾಕುತ್ತಿದೆ, ಎರಡೂ ಕೈ ಬೇಕು —