ಸಿಕಂದರನ ದಂಡು ತಿರುಗಿದ್ದು ಯಾರ ಮಾತಿಗೆ?

ನನಗೆ ಇತಿಹಾಸ ಕಲಿಸಿದ ಮಾಸ್ತರಿಗೆ,

ನೀವು ಭಾಲ್ಕಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡು ಮೂರು ವರ್ಷವಾಯಿತು. ನಾನೂ ಬಂದಿದ್ದೆ. ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿದೆ. ನಿಮ್ಮನ್ನು ಕೇಳಬೇಕೆಂದಿದ್ದ ಮಾತೊಂದು ಕೇಳದೇ ಉಳಿದಿತ್ತು. ಬದುಕಿದ್ದಾಗ ಎಷ್ಟು ಸಲ ಎದುರಿಗೆ ಕೂತಿರಲಿಲ್ಲ? ಆಗ ಯಾಕೆ ಕೇಳಲಿಲ್ಲವೋ. ಈಗ ಕೇಳುವುದರ ಜೊತೆಗೆ ಹೇಳುವುದೂ ಒಂದು ಬಂದು ಸೇರಿದೆ. ಅದಕ್ಕೇ ಈ ಪತ್ರ.

ಸಂತಪುರದ ಬಾವಿಗಳೆಲ್ಲ ತಳ ಕಂಡ ಆ ಬೇಸಿಗೆಯಲ್ಲಿ ಅವ್ವ, ನಾನು ಸೇರಿ ನಮ್ಮ ಓಣಿಯ ಇಪ್ಪತ್ತೆರಡು ಮಂದಿ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಗಂಟು ಕಟ್ಟಿದ್ದೆವು. ಬಸ್ಸಿನ ಹತ್ತಿರ ನೀವೂ ಒಂದು ಚೀಲ ಹಿಡಿದು ನಿಂತಿದ್ದಿರಿ. "ನನಗ ಉರ್ದು ಬರ್ತದ, ತೆಲುಗು ಬರ್ತದ. ಸಾಲಿಗಿ ಸೂಟಿ ಅದ. ನಿಮ್ಮ ಜೋಡಿ ನಾನೂ ಬರ್ತೇನಿ" ಅಂದಿರಿ. ಬರಬೇಕೆಂದು ಯಾರೂ ಕೇಳಿರಲಿಲ್ಲ. ಮಿಷನ್ ಶಾಲೆಯಲ್ಲಿ ಓದಿ, ಇಸ್ತ್ರಿ ಮಾಡಿದ ಅಂಗಿ ತೊಡುವ ಹೈಸ್ಕೂಲು ಮಾಸ್ತರರು ನಮ್ಮ ಜೊತೆ ಇಟ್ಟಿಗೆ ಹೊರುತ್ತಾರೆಂದು ಅವ್ವನೂ ನಂಬಿರಲಿಲ್ಲ. ಅಪ್ಪ ಹೋದ ಮೇಲೆ ನನಗೆ ಅವ್ವ, ಅವ್ವನಿಗೆ ನಾನು. ನಾನು ಆಗಷ್ಟೇ ಏಳನೇ ತರಗತಿ ಮುಗಿಸಿದ್ದೆ.

ಕೆಲಸ ಬಿಟ್ಟ ಮೇಲೆ, ರೊಟ್ಟಿ ಬೇಯುವ ಹೊತ್ತಿಗೆ ನೀವು ಸಿಮೆಂಟು ಚೀಲಗಳ ಮೇಲೆ ಕೂತು ಸಿಕಂದರನ ಕತೆ ಹೇಳುತ್ತಿದ್ದಿರಿ. ಪುಸ್ತಕದಲ್ಲಿ ಅಲೆಕ್ಸಾಂಡರ್ ಅಂತಿದ್ದರೂ ನಮ್ಮವರಿಗೆ ಸಿಕಂದರ್ ಅಂದರೇ ತಿಳಿಯುತ್ತದೆಂದು ಹಾಗೇ ಕರೆದಿರಿ. ಸಿಂಧೂ ದಾಟಿದ್ದು, ಝೇಲಂ ದಂಡೆಯಲ್ಲಿ ಆನೆಗಳನ್ನು ಕಂಡು ಅವನ ಕುದುರೆಗಳು ಬೆದರಿದ್ದು. ಎಲ್ಲರಿಗಿಂತ ಮುಂದೆ ತಾನೇ ನುಗ್ಗುತ್ತಿದ್ದ, ಸಿಪಾಯಿಗಳ ಗಾಯ ನೋಡಲು ತಾನೇ ಹೋಗುತ್ತಿದ್ದ, ಅದಕ್ಕೇ ಮಂದಿ ಎಂಟು ವರ್ಷ ಅವನ ಹಿಂದೆ ನಡೆದರು ಅಂದಿರಿ. ಬಿಯಾಸ್ ನದಿಗೆ ಬಂದಾಗ ಎಪ್ಪತ್ತು ದಿನ ಬಿಡದ ಮಳೆಗೆ ದಂಡು ದಣಿದಿತ್ತು ಅಂದಾಗ ನಮ್ಮ ಓಣಿಯ ಮಾರುತಿ ಕಾಕಾ ರೊಟ್ಟಿ ಕೈಯಲ್ಲೇ ಹಿಡಿದು ಕೇಳಿದ: "ಮಳಿಗಿ ಬ್ಯಾಸತ್ತರೇನ್ರಿ? ಅಷ್ಟರಾಗ ಅರ್ಧ ನಮ್ಮ ಕಡಿ ಕಳಿಸಲಾಕ ಹೇಳ್ರಿ." ಅಷ್ಟು ಮಂದಿಯೂ ನಕ್ಕರು. ನೀವು ನಗು ನಿಲ್ಲುವವರೆಗೆ ಕಾದು, ಕೊಯಿನಸ್ ಎಂಬ ಹಳೆಯ ಸರದಾರ ಎದ್ದು ನಿಂತಿದ್ದನ್ನು ಹೇಳಿದಿರಿ. ರಾಜನೆದುರು ಯಾರೂ ಬಾಯಿ ಬಿಡದಾಗ ಅವನೊಬ್ಬನೇ, ದೊರೆ, ಇವರಿಗೆ ಮನೆ ನೆನಪಾಗಿದೆ, ತಿರುಗೋಣ ಅಂದನಂತೆ. ರಾಜ ಸಿಟ್ಟಿನಿಂದ ಮೂರು ದಿನ ಡೇರೆಯಿಂದ ಹೊರಗೇ ಬರದೆ, ಕೊನೆಗೆ ದಂಡು ತಿರುಗಿಸಿದನಂತೆ. ಅವ್ವ ಹಿಟ್ಟು ನಾದುವುದನ್ನು ಬಿಟ್ಟು ಕೇಳುತ್ತಿದ್ದಳು.

ಕಟ್ಟಡದ ಕೆಲಸ ಮುಗಿದ ದಿನ ಗುತ್ತಿಗೆದಾರನ ಮನುಷ್ಯ ಬಂದು, ಗೋದಾವರಿಯ ಆಚೆ ಕಾಲುವೆ ತೋಡುತ್ತಿದ್ದಾರೆ, ಬರುವಿರಾ ಎಂದು ಕೇಳಿದ. ನಿಮ್ಮ ಮುಖ ಹೇಗೆ ಅರಳಿತ್ತು ಗೊತ್ತಾ? ಅಲ್ಲಿ ಕುಡಿಯಲು ಬೇಕಾದಷ್ಟು ನೀರಿದೆ, ಊರಲ್ಲಿ ಇನ್ನೂ ಮಳೆಯಿಲ್ಲ, ಹೋಗಿ ಏನು ಮಾಡುತ್ತೀರಿ ಎಂದು ಒಬ್ಬೊಬ್ಬರಿಗೂ ತಿಳಿಸಿ ಹೇಳಿದಿರಿ. ಶಾಲೆಗೆ ರಜೆಯ ಅರ್ಜಿಯನ್ನೂ ಬರೆದಿಟ್ಟಿದ್ದಿರಿ. ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆಗ ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಮಾಸ್ತರ, ಆ ಮುದುಕ ಸರದಾರನ ಕತಿ ನೀವೇ ಹೇಳಿದ್ರಿ. ಇವರ್ಯಾರೂ ಮಾತಾಡಲ್ಲ, ಅದಕ್ಕ ನಾ ಹೇಳ್ತೇನಿ. ಮಂದಿ ದಣದಾರ. ಊರಿಗಿ ಹೋಗಾಮ್ರಿ."

ನೀವು ಅವಳನ್ನೇ ನೋಡಿದಿರಿ. ಸಿಟ್ಟಿತ್ತೋ, ನೋವಿತ್ತೋ, ನನಗೆ ಇವತ್ತಿಗೂ... ಸಾಮಾನು ಇಡುವ ತಗಡಿನ ಕೋಣೆಗೆ ಹೋದಿರಿ. ಎರಡು ದಿನ ಅಲ್ಲೇ ಇದ್ದಿರಿ. ನಾನು ರೊಟ್ಟಿ ತಂದರೆ ತೆಗೆದುಕೊಳ್ಳುತ್ತಿದ್ದಿರಿ, ನನ್ನ ಕಡೆ ನೋಡುತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಬಂದು "ನಡೀರಿ" ಅಂದಿರಿ. ನಮ್ಮ ಒಳ್ಳೆಯದಕ್ಕೇ ಮುಂದೆ ಹೋಗಬೇಕೆಂದಿದ್ದಿರಾ? ಅಥವಾ ಆ ದೊಡ್ಡ ನದಿಯನ್ನು ಒಮ್ಮೆ ದಾಟಬೇಕೆಂಬ ಆಸೆ ನಿಮಗೇ ಇತ್ತಾ? ನಾನು ಕೇಳಬೇಕೆಂದಿದ್ದ ಮಾತು ಇದೇ.

ಊರಿಗೆ ಬಂದ ಎಂಟನೆಯ ದಿನ ಮಾರುತಿ ಕಾಕಾ ತೀರಿಕೊಂಡ. ಬಾವಿಯ ತಳದ ಕೆಸರು ನೀರನ್ನೇ ಸೋಸಿ ಕುಡಿಯುತ್ತಿದ್ದ ದಿನಗಳವು. ವಾಂತಿಭೇದಿ ಹತ್ತಿತು, ಔರಾದಿನ ದವಾಖಾನೆ ಮುಟ್ಟುವ ಮೊದಲೇ ದಾರಿಯಲ್ಲೇ ಹೋದ. ನೀವು ಅವನ ಮನೆಯ ಹೊರಗೆ ಗೋಡೆಗೆ ಒರಗಿ ನಿಂತಿದ್ದನ್ನು ನಾನು ನೋಡಿದೆ. ಆ ವರ್ಷ ಎಂಟನೇ ತರಗತಿಯಲ್ಲಿ ನಮಗೆ ಸಿಕಂದರನ ಪಾಠ ಬಂದಾಗ ಬಿಯಾಸ್ ದಂಡೆಯವರೆಗೆ ಚೆನ್ನಾಗಿ ಹೇಳಿ ಪುಸ್ತಕ ಮುಚ್ಚಿದಿರಿ. "ಮುಂದಿಂದು ನೀವೇ ಓದ್ಕೋರಿ" ಅಂದಿರಿ. ನಾನು ಓದಿಕೊಂಡೆ. ತಿರುಗಿ ಹೋಗುವಾಗ ಮರುಭೂಮಿಯಲ್ಲಿ ನೀರಿಲ್ಲದೆ ಸತ್ತವರ ವಿಷಯ ಅಲ್ಲಿತ್ತು. ಅದನ್ನು ಓದಿದ ಮೇಲೆ ನಿಮ್ಮನ್ನು ಏನಾದರೂ ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಈಗ ಬೀದರಿನ ಕಾಲೇಜಿನಲ್ಲಿ ಆ ಪಾಠವನ್ನು ನಾನೇ ಹೇಳುತ್ತೇನೆ. ಹೋದ ತಿಂಗಳು ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಮೇಡಂ, ಸರಿ ಯಾರದ್ದು, ರಾಜನದ್ದಾ ಸರದಾರನದ್ದಾ ಎಂದು ಕೇಳಿದಳು. ಆಮೇಲೆ ಹೇಳುತ್ತೇನೆಂದೆ. ಚಿದ್ರಿಯ ನಮ್ಮ ಮನೆಗೆ ಬಂದು ಅವ್ವನಿಗೆ ಅದನ್ನು ಹೇಳಿದೆ. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಮಂದಿ ಸಲುವಾಗಿ ಮಾತಾಡಿಲ್ಲ ನಾ" ಅಂದಳು. "ಸಾಲಿ ಸುರು ಆಗೂದಿತ್ತು. ಎಂಟನೇದಕ್ಕ ನಿನ್ನ ಹೆಸರು ಹಚ್ಚಬೇಕಿತ್ತು. ಕಾಲವಿ ಮ್ಯಾಲ ಹೋಗಿದ್ರ ನೀ ಮಣ್ಣ ಹೊರತಿದ್ದಿ. ಮಂದಿ ದಣದಾರ ಅಂತ ಸುಳ್ಳ ಹೇಳ್ದೆ. ಮಾರುತಿ ಹೋದ. ಇದು ಮಾಸ್ತರಿಗೂ ಹೇಳಲಾಕ ಆಗಲಿಲ್ಲ ನನಗ."

ನಾನು ಏನೆನ್ನಲಿ ಮಾಸ್ತರೇ? ನನ್ನ ಓದು, ನನ್ನ ನೌಕರಿ, ಈ ಮನೆ, ಎಲ್ಲ ಆ ಒಂದು ಮಾತಿನಿಂದ ಬಂದದ್ದು. ಅವಳ ಕೈ ಹಿಡಿದುಕೊಳ್ಳಲೋ, ಬಿಡಲೋ ತಿಳಿಯಲಿಲ್ಲ.

ಕಾಕಾನ ಹೆಂಡತಿ ಗುಂಡಮ್ಮ ಕಾಕಿಗೆ ಇದನ್ನು ಹೇಳಿಯೇ ಸಾಯುತ್ತೇನೆಂದು ಅವ್ವ ಹಟ ಹಿಡಿದಳು. ಹೋದ ಭಾನುವಾರ ಸಂತಪುರದ ಬಸ್ಸು ಹತ್ತಿದೆವು. ಕಾಕಿಗೆ ಈಗ ಸರಿಯಾಗಿ ಕಣ್ಣು ಕಾಣುವುದಿಲ್ಲ, ಅವ್ವನ ದನಿಯಿಂದಲೇ ಗುರುತು ಹಿಡಿದಳು. ಅವ್ವ ನಿಂತೇ ಎಲ್ಲವನ್ನೂ ಹೇಳಿದಳು. ಕಾಕಿ ಬೈಯುತ್ತಾಳೆಂದು ನಾನು ಕಾದೆ. ಅವಳು ಅವ್ವನನ್ನು ಎಳೆದು ಪಕ್ಕದಲ್ಲಿ ಕೂಡಿಸಿಕೊಂಡಳು.

"ಇಷ್ಟ ಮಂದಿ ನಿನ್ನೊಬ್ಬಾಕಿ ಮಾತಿಗಿ ತಿರಗಿದ್ರು ಅಂತ ಮಾಡಿದಿ ಏನ?" ಅಂದಳು. "ನೀ ಎದ್ದು ಮಾತಾಡೂದಕ್ಕಿಂತ ಮೊದಲೇ ನಾವು ಗಂಟು ಕಟ್ಟಿದ್ದಿವಿ. ನಮ್ಮ ಮನಿಯವರೇ ಎಲ್ಲರಿಗಿ ಹೇಳಿದ್ರು, ಮಾಸ್ತರು ಏನರೆ ಅನ್ಲಿ, ನಾಳಿಗಿ ನಾವು ರೈಲು ಹತ್ತಾಮು ಅಂತ. ಆಮ್ಯಾಲ ಮಾಸ್ತರು ಆ ಕ್ವಾಣಿ ಹೊಕ್ಕರು. ಬಿಟ್ಟು ಹೋದ್ರ ಅವರಿಗಿ ಬ್ಯಾಸರ ಆಗ್ತದ, ಅವರೇ ಹೊರಗ ಬಂದು ನಡೀರಿ ಅನ್ಲಿ ಅಂತ ಇವರೇ ಎಲ್ಲರಿಗಿ ತಡದ್ರು. ಎರಡು ದಿನ ಕಟ್ಟಿದ ಗಂಟು ಮುಂದ ಇಟಗೊಂಡು ಕುಂತಿದ್ದಿವಿ."

ಅವ್ವ ಅಳತೊಡಗಿದಳು. ಇದನ್ನು ಮಾಸ್ತರಿಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಭಾಲ್ಕಿಗೆ ಹೋದ ಮೇಲೂ ಪ್ರತಿ ವರ್ಷ ಕಾಕಾ ತೀರಿದ ದಿನ ನೀವು ಬಂದು ಅವಳ ಮನೆಯಲ್ಲಿ ಕೂತು, ಚಹಾ ಕುಡಿದು ಹೋಗುತ್ತಿದ್ದಿರಂತೆ. ತಿರುಗಿ ಕರೆತಂದದ್ದು ನೀವೇ ಎಂಬ ಸಂಕಟಕ್ಕೆ ಬರುತ್ತಿದ್ದಿರೆಂದು ಅವಳಿಗೆ ತಿಳಿದಿತ್ತಂತೆ. ಆದರೆ ನೀವು ಆ ಮಾತು ಎತ್ತಲಿಲ್ಲ. ದೊಡ್ಡವರ ಮುಂದೆ ತಾನಾಗಿ ಹೇಗೆ ಎತ್ತಲಿ ಎಂದು ಅವಳೂ...

ಯಾರು ನಮ್ಮನ್ನು ತಿರುಗಿಸಿದರೆಂದು ಈಗ ನನಗೆ ಮೊದಲಿಗಿಂತಲೂ ಗೊಂದಲವಾಗಿದೆ. ಆ ಹುಡುಗಿಗೆ ಏನು ಹೇಳಬೇಕೆಂದೂ ತಿಳಿದಿಲ್ಲ. ಒಂದು ಮಾತ್ರ ಗೊತ್ತಾಗಿದೆ, ಅದು ನಿಮಗೆ ತಲುಪಲಿ. ನೀವು ಬಾಗಿಲು ಹಾಕಿಕೊಂಡು ಕೂತಿದ್ದ ಆ ಎರಡು ದಿನ ನಿಮ್ಮ ಮಂದಿ ನಿಮ್ಮ ವಿರುದ್ಧ ನಿಂತಿರಲಿಲ್ಲ ಮಾಸ್ತರೇ. ಹೊರಗೆ ನಿಮಗಾಗಿ ಕಾಯುತ್ತಿದ್ದರು. ಅವರನ್ನು ತಡೆದು ನಿಲ್ಲಿಸಿದವನು ಮಾರುತಿ ಕಾಕಾ.

ಸುಜಾತಾ
ಚಿದ್ರಿ, ಬೀದರ