ಮುಟ್ಟಬಾರದ ಸಾಲು

ನವೆಂಬರ್ 3, ಬೆಳಿಗ್ಗೆ 8
ಬಲಗಡೆ ಟ್ರೇಯ ಅಲಸಂಡೆ ಸಸಿಗಳ ಮೇಲೆ ಇಪ್ಪತ್ತು ಸಲ ಬ್ರಶ್ ಎಳೆದೆ, ಬಾಗುವಷ್ಟು ಜೋರಾಗಿ. ಸಂಜೆ ಮತ್ತೆ ಇಪ್ಪತ್ತು, ದಿನಾ ಹೀಗೇ. ಎಡಗಡೆಯವು ಕಂಟ್ರೋಲ್, ಹೋಲಿಸಿ ನೋಡಲು ಇಟ್ಟವು — ಮುಟ್ಟುವ ಹಾಗಿಲ್ಲ. ಏಟು ತಿಂದ ಸಸಿ ಉದ್ದ ಬೆಳೆಯುವುದಿಲ್ಲ. ಒಳಗಿನ ಕೋಶಗಳು ಗೋಡೆ ದಪ್ಪ ಮಾಡಿಕೊಂಡು ಗಿಡ್ಡಗೆ, ಗಟ್ಟಿಯಾಗಿ ಕೂರುತ್ತವೆ. ತೋರಿಸಲು ಇದೊಂದೇ ಬ್ಯಾಚ್ ಉಳಿದಿದೆ. ತಿಂಗಳ ಕೊನೆಗೆ ಪಿಎಚ್‌ಡಿ ಅವಧಿ ಮುಗಿಯುತ್ತದೆ.

ನವೆಂಬರ್ 17
ಮುರಿಯುವ ದಿನ. ಎಷ್ಟು ಗಟ್ಟಿಯೆಂದು ಅಳೆಯಲು ಕಾಂಡವನ್ನು ಕ್ಲಾಂಪಿಗೆ ಕಚ್ಚಿಸಿ ಮುರಿಯುವವರೆಗೆ ಒತ್ತುವುದು. ಟಕ್. ನಲವತ್ತು ಕಾಂಡ ಮುರಿದೆ. ಖುಷಿಯಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಎಡಗಡೆಯವೂ ಗಿಡ್ಡ. ಅವೂ ಅಷ್ಟೇ ಗಟ್ಟಿ!

ಲ್ಯಾಬಿನ ಅಟೆಂಡರ್ ಅಪ್ಪಿಯಕ್ಕನನ್ನು ಕೇಳಿದೆ. ನಗುತ್ತಲೇ ಹೇಳಿದರು:

“ಆ ಸಾಲಿಗೆ ಯಾರೂ ಕೈ ಹಾಕುದಿಲ್ಲ ಅಲ್ವಾ ಮಗಾ, ಪಾಪ. ನಾನು ದಿನಾ ಗುಡಿಸುವಾಗ ಸವರ್ತಿದ್ದೆ. ಕುಲಶೇಖರದಲ್ಲಿ ನಮ್ಮ ಮನೆಯ ಬಳ್ಳಿಗೂ ಹಾಗೇ ಮಾಡುದು. ಒಳ್ಳೆ ಬರ್ತದೆ.”

ಕೈಯಲ್ಲಿ ಸ್ಟೀಲ್ ಸ್ಕೇಲ್ ಇತ್ತು. ಮುಖಕ್ಕೆ ಬೀಸಿದೆ. ಮತ್ತೊಮ್ಮೆ ಬೀಸಿದೆ — ಮೊದಲನೆಯದು ಸಿಟ್ಟು, ಎರಡನೆಯದು ಬೇಕೆಂದೇ. ಹುಬ್ಬು ಸೀಳಿತು. ರಕ್ತ ಟ್ರೇಯೊಳಗೆ. ಅರುವತ್ತರ ಹೆಂಗಸು, ಸೆರಗಿನಿಂದ ಹಣೆ ಒತ್ತಿಕೊಂಡರು.

ನವೆಂಬರ್ 18
ಆರು ಹೊಲಿಗೆ. ಅಪ್ಪಿಯಕ್ಕ ನನ್ನ ಗೈಡ್ ಗ್ಲೆನಿಟಾ ಮೇಡಂ ಹತ್ತಿರ “ಜಾರಿ ಬಿದ್ದೆ” ಎಂದರು. ನಾನು ಪಕ್ಕದಲ್ಲೇ ಇದ್ದೆ. ಥೂ.

ಆಮೇಲೆ ಅಪ್ಪಿಯಕ್ಕನನ್ನು ಯಾಕೆಂದು ಕೇಳಿದೆ.

“ನಿನ್ನ ಓದು ಉಂಟಲ್ಲ ಮಾರಾಯ್ತಿ. ಕೇಸ್ ಆದ್ರೆ ಎಂತ ಮಾಡ್ತಿ?”

ಮೇಜಿನ ಪೆನ್ನಿಗೆ ಕೈ ಚಾಚಿದೆ. ಮೊಣಕೈ ಎತ್ತಿ ಮುಖ ಮುಚ್ಚಿಕೊಂಡರು.

ನವೆಂಬರ್ 24
ಮೇಡಂ ಕರೆದರು. “ಅಪ್ಪಿಯಕ್ಕ ಈ ಪ್ರಾಯದಲ್ಲಿ ಬೀಳ್ತಾ ಇದ್ರೆ ಲ್ಯಾಬಲ್ಲಿ ಇಡ್ಲಿಕ್ಕೆ ಆಗುದಿಲ್ಲ ಹಸ್ನಾ. ನಾಳೆ ಬಂದಾಗ ಇನ್ನು ಬೇಡ ಅಂತ ಹೇಳ್ತೇನೆ.”

ಅಪ್ಪಿಯಕ್ಕನ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ಗೊತ್ತಿದ್ದೂ “ಸರಿ ಮೇಡಂ” ಎಂದೆ. ನಾಲಿಗೆ ಸೇದಿಹೋಗಬಾರದಿತ್ತೇ…

ನವೆಂಬರ್ 25, ಬೆಳಿಗ್ಗೆ 9.40
ಮೇಡಂ ಕೋಣೆಯ ಹೊರಗೆ, ಬೆಂಚಿನಲ್ಲಿ. ಅಪ್ಪಿಯಕ್ಕ ಒಳಗೆ ಹೋಗಿ ಐದು ನಿಮಿಷವಾಯಿತು. ಹೇಳಿದರೆ ಪಿಎಚ್‌ಡಿ ಹೋಯಿತು. ಪೊಲೀಸೂ ಬರಬಹುದು. ಹೆದರಿಕೆಯಾಗುತ್ತಿದೆ. ಒಳಗೆ ಹೋದರೆ ಬಾಯಿ ಕಟ್ಟುತ್ತದೆ, ಆದ್ದರಿಂದ ಬರೆದುಕೊಳ್ಳುತ್ತೇನೆ. ಓದಿಯಾದರೂ ಹೇಳಬೇಕು — ಮೇಡಂ, ಅವರು ಜಾರಿ ಬೀಳಲಿಲ್ಲ. ಸ್ಕೇಲ್ ನನ್ನ ಕೈಯಲ್ಲಿತ್ತು. ಎರಡು ಸಲ ಹೊಡೆದೆ. ಬಾಗಿಲು ತೆರೆಯಿತು, ಪುಸ್ತಕ ಹಿಡಿದು ಒಳಗೆ ಹೋಗುತ್ತಿದ್ದೇನೆ.