ಕೆಳರಸ್ತೆಗೊಂದು ಬಾಗಿಲು

ಅಣ್ಣಾ,

ನಮ್ಮ ಪತ್ರಗಳನ್ನು ನೀನು ಒಡೆಯದೆ ವಾಪಸ್ ಕಳಿಸುತ್ತೀಯ. ಹಾಗಾಗಿ ಇದನ್ನು ಅಂಚೆಗೆ ಹಾಕುವುದಿಲ್ಲ.

ಇವತ್ತು ಹೊಸ ಮನೆ ಕಟ್ಟಲಿರುವ ನಮ್ಮ ಇಳಿಜಾರು ಸೈಟಿನಲ್ಲಿ ಎಂಜಿನಿಯರ್ ದಾರ ಕಟ್ಟಿ ಮಟ್ಟ ನೋಡಿದರು. ಹಿಂದಿನ ಮೂಲೆಯಲ್ಲಿ ದಾರ ಅಪ್ಪನ ತಲೆಗಿಂತ ಮೇಲಿತ್ತು. ಅಷ್ಟು ಎತ್ತರಕ್ಕೂ ಮಣ್ಣು ತುಂಬಿಸಿ ತಡೆಗೋಡೆ ಕಟ್ಟಬೇಕು, ಇಲ್ಲವೇ ಅಲ್ಲೊಂದು ನೆಲಮಾಳಿಗೆ ಮಾಡಬೇಕು.

"ಮಣ್ಣು ಹಾಕಿ ಮುಚ್ಚಿಬಿಡಿ," ಎಂದರು ಅಪ್ಪ.

"ಬೇಡ, ರೂಮೇ ಇರಲಿ. ಕೆಳಗಿನ ರಸ್ತೆಗೆ ಬೇರೆ ಬಾಗಿಲಿಟ್ರೆ ಅವನು ನಿಮ್ಮ ಮುಖ ನೋಡದೇನೇ ಬಂದು ಹೋಗ್ಬಹುದು," ಎಂದಳು ಅಮ್ಮ.

ಎಂಜಿನಿಯರ್ ನನ್ನತ್ತ ನೋಡಿದರು.

"ಅವಳನ್ನೇನು ಕೇಳ್ತೀರಿ? ಸ್ಕೂಲಲ್ಲೇ ಕೂರಕ್ಕಾಗದೆ ಓದು ಬಿಟ್ಟು ಬಂದವಳು!" ಎಂದರು ಅಪ್ಪ.

ಅಮ್ಮನನ್ನು ಸಮಾಧಾನ ಮಾಡಲು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಬಾಗಿಲು ಎಲ್ಲಿಟ್ರೂ ಅಣ್ಣ ಬರಲ್ಲಮ್ಮ," ಎಂದೆ. ಅವಳು ಹೋಗಿ ಕಾರಿನಲ್ಲಿ ಕುಳಿತಳು.

ಅಪ್ಪ ಬಹಳ ಹೊತ್ತು ಆ ಮೂಲೆಯಲ್ಲೇ ನಿಂತಿದ್ದರು. ಆಮೇಲೆ ಎಂಜಿನಿಯರನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, "ರೂಮೇ ಮಾಡಿ. ಗೋಡೇಲಿ ತೇವ ಮಾತ್ರ ಬರಬಾರ್ದು. ಅವನಿಗೆ ಉಬ್ಬಸ ಇದೆ," ಎಂದರು.

ಇದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಬೇಕೆನಿಸಿತು.